ಕಾಕಾನ ಬ್ಯಾನರ್

5 ನವೆಂಬರ್ 2007, ಸೋಮವಾರ. ಮುಂಜಾನೆ

ಕರೆಂಟ್ ಇಲ್ಲ. ಜನರೇಟರಿನ ಹಗ್ಗಾ ಜಗ್ಗಿ ಜಗ್ಗಿ ಭುಜ ಬಿದ್ದ ಹೋತು. ಶಟರ್ ತಗದು, ಕಸಾ ಹೊಡದು, ಕುಂತೇನಿ. ಇನ್ನೊಂದು ತಾಸಿಗೆ ಗದ್ದಲ ಚಾಲೂ.

ಸೋಮವಾರ ಎತ್ತಿನ ಹೆಗಲ ಮ್ಯಾಲೆ ಯಾರೂ ನೊಗಾ ಇಡೂದಿಲ್ಲ. ಬಸವಣ್ಣನ ವಾರ. ಎತ್ತಿಗೆ ಸೂಟಿ ಅಂದಮ್ಯಾಲೆ ಹೊಲದ ಮಂದಿಗೂ ಸೂಟಿ. ಮೊದಲ ಗುಡಿಗೆ ಬಂದು ಕಾಯಿ ಒಡಿಸಿ ಮನೀಗೆ ಹೋಗತಿದ್ರು. ಈಗ ಗುಡಿ ಮುಗಿಸಿ ಸೀದಾ ನನ್ನ ಮೀನಾ ಸೈಬರ್‌ಗೆ. ಹಣಿ ಮ್ಯಾಲೆ ವಿಭೂತಿ, ಕೈಯಾಗ ಮೌಸ್, ಬಾಯಾಗ ಬೈಗಳ. ಮಗಳ ಹೆಸರಿಟ್ಟ ಅಂಗಡ್ಯಾಗ ಇಂಥಾ ಬೈಗಳ ಕೇಳಬೇಕು ನೋಡು.

ಆಡೂದು ಒಂದ ಆಟ. ಲಾಸ್ಟ್ ಪಿಕೆಟ್. ಬಂದೂಕಿನ ಆಟ. 98ರಾಗ ಮೊದಲನೇ ಭಾಗ ಬಂತು, ಈಗ ಐದನೇದು. ಎಲ್ಲಾದಕ್ಕೂ ಹೀರೋ ಒಬ್ಬನ — ಹೆಲ್ಮೆಟ್ ಹಾಕಿ, ಮೂಗು ಬಾಯಿ ಅರಿವಿಲೆ ಮುಚಗೊಂಡ ಸಾರ್ಜೆಂಟ್. ಇಷ್ಟು ವರ್ಷದಾಗ ಒಮ್ಮೆ ಮಾರಿ ತೋರಿಸಿಲ್ಲ ಪುಣ್ಯಾತ್ಮ. ಅವಂದೊಂದು ಇಂಗ್ಲಿಷ್ ಹೆಸರೈತಿ, ಇಲ್ಲಿ ಯಾರಿಗೂ ಬೇಕಾಗಿಲ್ಲ. ಇಲ್ಲಿ ಅವ ಕಾಕಾ.

ಹುಬ್ಬಳ್ಳಿ ಪೇಪರಿನ ಅನ್ನಪೂರ್ಣಾ ಮೇಡಂ ಫೋನ್. ರವಿವಾರದ ಪುರವಣಿಗೆ ನಾ ಬರಿಯೋ ಗೇಮ್ ಕಾಲಂ ಅವರ ನೋಡತಾರ. "ಐದನೇದರ ರಿವ್ಯೂ ಬೇಕ್ರಿ ನಿಂಗರಾಜ ಅವರ. ಸ್ಟಾರ್ ಮರೀಬ್ಯಾಡ್ರಿ. ಓದೂ ಮಂದಿ ಮೊದಲ ಸ್ಟಾರ್ ನೋಡತಾರ." ಖರೇ ಐತಿ. ಉಳದದ್ದು ನಾ ಬೆನ್ನ ಮುರಕೊಂಡು ಬರಿಯೂದು ಭಜಿ ಕಟ್ಟಾಕ.

ಆಮ್ಯಾಲೆ ಮುರಗೋಡದಿಂದ ಸುಂದರವ್ವಕ್ಕನ ಫೋನ್. "ತಮ್ಮಾ, ಅಪ್ಪೂನ ಫೋನ್ ನಿನಗರ ಬಂದಿತ್ತೇನ?" ಇಲ್ಲ. ಅಪ್ಪು ಅಕ್ಕನ ಒಬ್ಬನ ಮಗ. ಮಿಲಿಟರ್ಯಾಗ ಅದಾನ. ಕಾಶ್ಮೀರದ ಕಡೆ, ಎಲ್ಲೋ ಮ್ಯಾಲೆ, ಹಿಮದಾಗ. ಭರ್ತಿ ಆಗೂಕಿಂತ ಮೊದಲ ನನ್ನ ನಾಕನೇ ನಂಬರ್ ಮಶೀನ್ ಅವಂದ ಆಗಿತ್ತು. ಕಾಕಾಗ ಕಾಕಾ ಅಂತ ಹೆಸರಿಟ್ಟವನೂ ಅವನ. ಹಿಂದಿನ ತಿಂಗಳ ಒಂದು ಫೋಟೋ ಕಳಿಸಿದ್ದ — ಹೆಲ್ಮೆಟ್, ಮೂಗಿನ ತನಕ ಮಫ್ಲರ್, ಕಣ್ಣಷ್ಟ ಕಾಣತಾವ. ಅಕ್ಕ ಅದಕ್ಕ ಕಟ್ಟ ಹಾಕಿಸಿ ದೇವರ ಜಗಲಿ ಬಾಜೂಕ ಇಟ್ಟಾಳ. ಅದಾದ ಮ್ಯಾಲೆ ಫೋನಿಲ್ಲ.

"ಟಾವರ್ ಇರೂದಿಲ್ಲಕ್ಕಾ ಅಲ್ಲಿ" ಅಂದೆ. "ಹಂಗಂತಿ ನೀ" ಅಂದ್ಳು. ದಿನಾ ಇದ ಮಾತು. ಅಕಿಗೆ ಕೇಳಿ ಕೇಳಿ ಸಾಕಾಗೇತಿ, ನನಗ ಹೇಳಿ ಹೇಳಿ.

8 ನವೆಂಬರ್, ಗುರುವಾರ

ನಾಳೆ ದೀಪಾವಳಿ ಅಮಾಸಿ. ಮನ್ಯಾಗ ಶೈಲಜಾ ಒಬ್ಬಾಕಿನ ಸುಣ್ಣ, ಬಣ್ಣ, ಉಂಡಿ ಅಂತ ಒದ್ದಾಡಾಕತ್ತಾಳ. ನಾ ಇಲ್ಲಿ ಡಿವಿಡಿ ಹಾಕ್ಕೊಂಡು ಕುಂತೇನಿ. ಸಂಜೀಕ ಹೆಂಡತಿ ಕೈಯಾಗ ಏನು ಕಾದೈತೋ.

ಹೊಸಾ ಗ್ರಾಫಿಕ್ಸ್ ಕಾರ್ಡ್ ಇರೂದು ನಾಕನೇ ನಂಬರಿಗೆ ಅಷ್ಟ. ಉಳದ ಮಶೀನ್ ಈ ಆಟ ಹಾಕಿದ್ರ ಕೆಮ್ಮಿ ಕೆಮ್ಮಿ ನಿಂದರತಾವ.

ವೆಬ್‌ಸೈಟ್ ಎಲ್ಲಾ ತಗದು ನೋಡಿದೆ. ಅಮೇರಿಕಾದವ ಹತ್ತಕ್ಕ ಒಂಬತ್ತು ಕೊಟ್ಟಾನ. ಇಂಗ್ಲಂಡಿನವ ನೂರಕ್ಕ ತೊಂಬತ್ತೆರಡು. "ಧೈರ್ಯದ ನಿರ್ಧಾರ" ಅಂತ ಎಲ್ಲಾರದೂ ಒಂದ ರಾಗ. ಏನು ನಿರ್ಧಾರ ಅಂತ ಒಬ್ಬನೂ ಹೇಳವಲ್ಲ. ಫೋರಂನ್ಯಾಗ ಮಾತ್ರ, ಆಡಿದ ಮಂದಿ ಬಾಯಿ ಬಾಯಿ ಬಡಕೊಳ್ಳಾಕತ್ತಾರ.

ಆಡಿದೆ. ಹಿಮಾ ಬಿದ್ದ ಸೇತುವೆ. ಕಾಕಾ ಮಂಡಿ ಊರಿ, ಎಡಗೈ ಎತ್ತಿ, ಹಿಂದಿನವರಿಗೆ ಸನ್ನೀ ಮಾಡತಾನ — ಬರ್ರಿ ಅಂತ. ಆಗ ಒಂದು ಗುಂಡು ಬರತೈತಿ. ಮುಗೀತು. ಮೊದಲನೇ ಮಿಶನ್ನಿನ್ಯಾಗ ಕಾಕಾ ಖಲಾಸ್. ನಾವು ತಪ್ಪಿಸಬೇಕಂದ್ರೂ ಆಗೂದಿಲ್ಲ, ಮೌಸ್ ಕೇಳೂದ ಇಲ್ಲ. ಮುಂದ ಯಾವನೋ ಹೊಸಾ ಹುಡುಗ.

ಮೂವತ್ತೆಂಟು ವರ್ಷದ ಮನಿಷ್ಯಾ, ಆಟದಾಗಿನ ಗೊಂಬಿ ಸತ್ತದ್ದಕ್ಕ ಒಂದು ತಂಬಿಗಿ ನೀರು ಕುಡಿದೆ. ರಿವ್ಯೂ ಬರಿಯಾಕ ಕೈ ಏಳವಲ್ದು. ಹಬ್ಬ ಆಗಲಿ.

12 ನವೆಂಬರ್, ಸೋಮವಾರ

ಇವತ್ತ ಇಲ್ಲಿ ಪಂಚಾಯ್ತಿ ಆತು. ನೇಸರಗಿ ಸತ್ಯಪ್ಪ ಆಡಿದ, ಉಳದವರು ಅವನ ಬೆನ್ನಿಗೆ ನಿಂತು ನೋಡಿದ್ರು. ಸತ್ಯಪ್ಪಂದು ಆರು ಎಕರೆ ಹತ್ತಿ, ಎರಡು ಮಕ್ಕಳು, ಆದ್ರೂ ಸೋಮವಾರ ತಪ್ಪಿಸಿದ್ದಿಲ್ಲ. ಕಾಕಾ ಬಿದ್ದ ಕೂಡಲೆ ಕುರ್ಚಿ ಹಿಂದ ಸರಿಸಿ ಎದ್ದ ನಿಂತ.

"ಅಣ್ಣಾರ, ಇದೇನ್ರಿ ಇದು? ಇಷ್ಟ ವರ್ಷ ದುಡಿಸಿಕೊಂಡು, ಬಂದ ಬರೂದ್ರಾಗ ಹೊಡದ ಒಗದಾರ!"

"ಹತ್ತಕ್ಕ ಒಂಬತ್ತು ಕೊಟ್ಟಾರಪಾ ಹೊರಗಿನವರು."

"ಕೊಡಲಿ ಬಿಡ್ರಿ. ಅವರ ಮನ್ಯಾಗ ಸತ್ತಿಲ್ಲ."

ಹಿಮಾ ಎಷ್ಟ ಚಂದ ಮಾಡ್ಯಾರ ನೋಡು, ಬಂದೂಕಿನ ಸಪ್ಪಳ ಕೇಳು ಅಂದೆ. ನಾನೂ ಕಾಲಂ ಬರಿಯಾಂವ, ಎರಡೂ ಕಡೆ ನೋಡಬೇಕಲ್ಲ. "ಹಿಮಾ ತಗೊಂಡು ಹತ್ತಿಗೆ ಹಾಕೂದೇನ್ರಿ?" ಅಂದ. ಎಲ್ಲಾರೂ ನಕ್ರು. ಆದ್ರ ಯಾರೂ ಮುಂದಿನ ಮಿಶನ್ ಆಡಲಿಲ್ಲ. ಹೊಳ್ಳಿ ಮೂರನೇ ಭಾಗ ಹಾಕ್ಕೊಂಡು ಕುಂತ್ರು.

ಹೋಗೂಮುಂದ ಸತ್ಯಪ್ಪ ಅಂದ, "ಒಂದು ಬ್ಯಾನರ್ ಹಾಕೂಣ್ರಿ. ಶ್ರದ್ಧಾಂಜಲಿ." ಈ ಊರಾಗ ಈಗ ಎಲ್ಲಾದಕ್ಕೂ ಫ್ಲೆಕ್ಸ್. ಹುಟ್ಟಿದ್ರ ಫ್ಲೆಕ್ಸ್, ಸತ್ರ ಫ್ಲೆಕ್ಸ್, ಸೊಸೈಟಿ ಇಲೆಕ್ಷನ್ ಗೆದ್ರ ಫ್ಲೆಕ್ಸ್. ನನಗೂ ನಗಿ ಬಂತು. ಇದಕ್ಕಿಂತ ಚಲೋ ರಿವ್ಯೂ ನನ್ನ ಕೈಲೆ ಆಗೂದಿಲ್ಲ. "ಕೆಳಗ ಮೀನಾ ಸೈಬರ್ ಅಂತ ದೊಡ್ಡದಾಗಿ ಹಾಕಸು" ಅಂದೆ.

14 ನವೆಂಬರ್, ಬುಧವಾರ. ಮಧ್ಯಾಹ್ನ

ಬ್ಯಾನರ್ ಏರೇತಿ. ಬಸ್ ಸ್ಟ್ಯಾಂಡ್ ಎದುರಿನ ಕಂಬಕ್ಕ. ಯಪ್ಪಾ, ಎಷ್ಟ ದೊಡ್ಡದು! ಕಾಕಾನ ಹೆಲ್ಮೆಟ್, ಕಣ್ಣು, ಸುತ್ತಲೂ ಹೂವಿನ ಹಾರ, ಎರಡೂ ಕಡೆ ದೀಪ. "ವೀರ ಯೋಧನಿಗೆ ಭಾವಪೂರ್ಣ ಶ್ರದ್ಧಾಂಜಲಿ. ದುಃಖತಪ್ತ ಗೆಳೆಯರ ಬಳಗ, ಮೀನಾ ಸೈಬರ್, ಬೈಲಹೊಂಗಲ." ಹೆಸರಿನ ಜಾಗಾದಾಗ ಸಣ್ಣಂಗ "ನಮ್ಮ ಕಾಕಾ".

ಕಾಲೇಜ ಹುಡುಗರು ನಿಂತು ನಿಂತು ನಗಾಕತ್ತಾರ. ನಗದವರೂ ಅದಾರ. ರಿಟೈರ್ ಆದ ಸುಭೇದಾರ ಹಣಮಂತಪ್ಪನವರು ಬ್ಯಾನರ್ ಮುಂದ ಟೊಪ್ಪಿಗಿ ತಗದು ನಿಂತಿದ್ರಂತ. ಅಲ್ಲಿಂದ ಸೀದಾ ನನ್ನ ಅಂಗಡಿಗೆ. "ಯಾವೂರ ಹುಡುಗ್ರೀ ಅಂವ?" ಹೇಳಿದೆ. ನಗತಾರೇನೋ ಅಂತ ಮಾಡಿದ್ದೆ. ನಗಲಿಲ್ಲ. ಟೊಪ್ಪಿಗಿ ಹಾಕ್ಕೊಂಡು, "ತಗಸ್ರಿ ಅದನ್ನ" ಅಂದು ಹ್ವಾದ್ರು. ನಾಚಿಕ್ಯಾತು. ಸತ್ಯಪ್ಪಗ ಫೋನ್ ಮಾಡಿದೆ. "ಹತ್ತಿ ಬಿಡಿಸೂದು ನಡದೈತ್ರಿ, ಸೋಮವಾರ ಬಂದ ತಗೀತೇನಿ." ಇರಲಿ ಅಂದೆ. ಯಾರು ಕಂಬ ಏರಬೇಕು.

ಅಕ್ಕ ಇವತ್ತ ಬರೂದಿತ್ತು, ಹಬ್ಬದ ಉಂಡಿ ತಗೊಂಡು. ಬರಲಿಲ್ಲ. ಅಕ್ಕನ ಮನೀಗೆ ಫೋನ್ ಹಚ್ಚಿದ್ರ ಅಕಿ ಗಂಡ ನಿಜಗುಣಪ್ಪ ಮಾವ ಎತ್ತಿದ್ರು. "ಬೈಲಹೊಂಗಲ ಬಸ್ ಸ್ಟ್ಯಾಂಡ್ ತನಕ ಬಂದಿದ್ಳಂತಪಾ. ಇಳದಾಕಿ ಅದ ಬಸ್ಸಿಗೆ ಹೊಳ್ಳಿ ಬಂದಾಳ. ತಲಿ ಸಿಡಿಯಾಕತ್ತೇತಂತ."

ಇಳದಾಕಿ ನಮ್ಮನಿಗೆ ಬಂದು ಅಡ್ಡಾಗಬಾರದೇನು. ಹುಚ್ಚಿ.

18 ನವೆಂಬರ್, ರವಿವಾರ

ಮುರಗೋಡಕ್ಕ ಹೋಗಿ ಬಂದೆ.

ಹೋದಾಗ ಅಕ್ಕ ಹೊಸ್ತಿಲದಾಗ ಕುಂತಿದ್ಳು. ಅಪ್ಪೂನ ಅಂಗಿ, ಪ್ಯಾಂಟು, ಎಲ್ಲಾ ಒಗದು ಹಗ್ಗದ ಮ್ಯಾಲೆ ಹಾಕಿದ್ಳು. ನನ್ನ ಮಾರಿ ನೋಡಿದ್ಳು — ಬಾಳೊತ್ತು. ರಿವ್ಯೂ ಅಂತ ವಾರೆಲ್ಲಾ ನಿದ್ದಿ ಇಲ್ಲದ ಮಾರಿ ನಂದು. ಗಡ್ಡಾನೂ ಮಾಡಿದ್ದಿಲ್ಲ. "ಬಾ" ಅಂದ್ಳು ಅಷ್ಟ. ಅಪ್ಪೂನ ಫೋನ್ ಬಂತೇನ ಅಂತ ಕೇಳಲಿಲ್ಲ. ಇಷ್ಟು ದಿನದಾಗ ಇದ ಮೊದಲ ಸಲ ಕೇಳಲಿಲ್ಲ. ತಾಟು ಹಚ್ಚಿ ಮುಂದ ಕುಂತ್ಳು. "ಉಣ್ಣು. ಆಮ್ಯಾಲೆ ಹೇಳೀಯಂತ."

"ಏನ ಹೇಳೂದಕ್ಕಾ?"

ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ್ಳು. ಮಾವ ನನ್ನ ಕೈ ಹಿಡದು ಹಿತ್ತಲಕ್ಕ ಕರಕೊಂಡ ಹ್ವಾದ್ರು. ದೊಡ್ಡ ಮನಿಷ್ಯಾ, ಕಣ್ಣಾಗ ನೀರು. "ಖರೇ ಹೇಳಪಾ ನಿಂಗರಾಜ. ಅಪ್ಪೂಗ ಏನಾಗೇತಿ? ಅಕಿ ಬೋರ್ಡ್ ನೋಡ್ಯಾಳ. ನಿನ್ನ ಅಂಗಡಿ ಹೆಸರು ಓದ್ಯಾಳ."

ಹೆಲ್ಮೆಟ್. ಮಫ್ಲರ್. ಕಣ್ಣಷ್ಟ. ಕೆಳಗ ನನ್ನ ಮಗಳ ಹೆಸರು. ನಾನ ದೊಡ್ಡದಾಗಿ ಹಾಕಸು ಅಂದಿದ್ದು!

ಓಡಿ ಬಂದು ಅಕ್ಕನ ಕಾಲು ಹಿಡಕೊಂಡೆ. ಅದು ಆಟದಾಗಿನ ಗೊಂಬಿ, ಅಪ್ಪು ಅಲ್ಲ, ಆಣಿ ಮಾಡತೇನಿ ಅಂದೆ. ಸತ್ಯಪ್ಪ, ಹತ್ತಕ್ಕ ಒಂಬತ್ತು, ಎಲ್ಲಾ ಹೇಳಿದೆ. ಹೇಳಿದಷ್ಟೂ ಅಕಿ ಮಾರಿ ಕಲ್ಲಾತು.

"ಹಿಂಗ ಹೇಳು ಅಂತ ಯಾರು ಕಲಿಸಿ ಕಳಿಸ್ಯಾರ ನಿನಗ?" ಅಂದ್ಳು. "ಬಾಜೂಮನಿ ತಂಗೆವ್ವನ ಮಗ ಲಾರಿ ಕೆಳಗ ಸಿಕ್ಕಾಗ, ಕಾಲು ಮುರದೈತಿ ಅಷ್ಟ ಅಂತ ಅಕಿ ಮುಂದ ಹೇಳಿದಾಕಿ ನಾನ. ಹೆಣಾ ಬರೂತನಕ ಅಕಿಗೆ ಚಹಾ ಕುಡಿಸಿದಾಕಿ ನಾನ. ಹೆಂಗ ಹೇಳತಾರ ನನಗ ಗೊತ್ತಿಲ್ಲೇನ ತಮ್ಮಾ?"

ಅದಕ್ಕ ಬಸ್ ಸ್ಟ್ಯಾಂಡಿನಿಂದ ಹೊಳ್ಳಿ ಬಂದಾಳ. ಯಾರನ್ನೂ ಕೇಳಿಲ್ಲ. ನಾವೆಲ್ಲಾ ಕೂಡಿ ಮುಚ್ಚಿಡಾಕತ್ತೇವಿ, ಹೇಳೂ ವ್ಯಾಳ್ಯಾ ಬಂದಾಗ ಹೇಳತೇವಿ ಅಂತ ಐದು ದಿನದಿಂದ ಹೊಸ್ತಿಲದಾಗ ಕುಂತಾಳ. ನಮ್ಮ ಕಡೆ ಪದ್ಧತೀನ ಹಂಗೈತಿ. ತಾಯಿಗೆ ಕಡೀಕ ಹೇಳತೇವಿ.

ಸಂಜೀಕ ಬಂದು ನಾನ ಕಂಬ ಏರಿ ಬ್ಯಾನರ್ ಹರಕೊಂಡ ಬಂದೆ.

19 ನವೆಂಬರ್, ಸೋಮವಾರ

ಅಕ್ಕನ್ನ ಕರಕೊಂಡು ಬಂದೆ. "ನಂಬಬ್ಯಾಡ, ಕಣ್ಣಲೇ ನೋಡು ಬಾ" ಅಂತ ಕೈ ಜಗ್ಗಿ. ಸೆರಗಿನಾಗ ಅಪ್ಪೂನ ಫೋಟೋ ಮುಚಗೊಂಡು ಬಂದ್ಳು.

ಅಂಗಡಿ ತುಂಬ ಮಂದಿ. ಅಕಿ ಒಳಗ ಬಂದ ಕೂಡಲೆ ಎಲ್ಲಾ ಸಪ್ಪಳ ಬಂದ್. ಸತ್ಯಪ್ಪ ಅಕಿ ಕಾಲಿಗೆ ಬಿದ್ದ. "ತಪ್ಪಾತ್ರಿ ಯವ್ವಾ." ಅಕಿ ಅವನ ಕಡೆ ನೋಡಲಿಲ್ಲ. "ಬೋರ್ಡ್ ಹಾಸು" ಅಂದ್ಳು. ನೆಲದ ಮ್ಯಾಲೆ ಹಾಸಿದ್ವಿ. ಫೋಟೋ ಬಾಜೂಕ ಇಟ್ಟು, ಮಂಡಿ ಊರಿ ಕುಂತು, ಈ ಕಣ್ಣು ಆ ಕಣ್ಣು ನೋಡಿದ್ಳು.

"ಇಂವಲ್ಲ" ಅಂದ್ಳು. ಅಂದಾಕಿನ ಅಲ್ಲೇ ಕುಸದು ಅತ್ಳು. ಐದು ದಿನದ್ದು ಎಲ್ಲಾ. ನಾನೂ ಅತ್ತೆ, ಮುಚ್ಚಿಡೂದೇನೈತಿ.

ಕಣ್ಣು ಒರಸ್ಕೊಂಡು ಕೇಳಿದ್ಳು, "ಹಂಗಾರ ಇವ ಯಾರ ಮಗ?"

"ಯಾರ ಮಗನೂ ಅಲ್ರಿ, ಆಟದಾಂವ" ಅಂದ ಸತ್ಯಪ್ಪ.

"ಹಚ್ಚು ನೋಡೂಣ."

ನಾಕನೇ ನಂಬರಿಗೆ ಕುರ್ಚಿ ಹಾಕಿ ಕುಂದ್ರಿಸಿದ್ವಿ. ಸತ್ಯಪ್ಪ ಆಡಿದ. ಸೇತುವೆ, ಹಿಮಾ, ಕಾಕಾ ಕೈ ಎತ್ತಿದ, ಗುಂಡು. ಅಕ್ಕ ಸೆರಗು ಬಾಯಿಗೆ ಹಿಡಕೊಂಡ್ಳು. "ಮತ್ತ ಮೊದಲಿಂದ ಹಚ್ಚು" ಅಂದ್ಳು. ಹಚ್ಚಿದ. ಕಾಕಾ ಕೈ ಎತ್ತಿದ್ದ ತಡ, ಸತ್ಯಪ್ಪನ ಮಣಿಕಟ್ಟು ಗಟ್ಟಿ ಹಿಡದ್ಳು.

"ಇಲ್ಲೇ ನಿಂದ್ರಸಾಕ ಬರತೈತೇನು?"

ಬರತೈತಿ. ಆಟ ನಿಂದ್ರಸೂ ಪಾಜ್ ಬಟನ್ ಒತ್ತಿದ. ಕೈ ಎತ್ತಿ ಕುಂತಾಂವ ಹಂಗ ನಿಂತ.

"ಅಪ್ಪೂನ ಫೋನ್ ಬರೂತನಕ ಇಂವ ಹಿಂಗ ಇರಲಿ" ಅಂದ್ಳು.

ಯಾರು ಇಲ್ಲನ್ನಬೇಕು. ನಾನ? ಆ ಹೊತ್ತಿಗೆ ಸರಿಯಾಗಿ ಕರೆಂಟ್ ಹೋತು. ಯುಪಿಎಸ್ ಕುಂಯ್ ಕುಂಯ್ ಅನ್ನಾಕ ಹತ್ತಿತು. ಅಕ್ಕ ಎದ್ದ ನಿಂತ್ಳು. ನಾ ಹಿತ್ತಲಕ್ಕ ಓಡಿ ಜನರೇಟರ್ ಹಗ್ಗಾ ಜಗ್ಗಿದೆ. ಉಳದ ಮಶೀನ್ ಎಲ್ಲಾ ಬಂದ್ ಮಾಡ್ರಿ, ನಾಕನೇದಕ್ಕ ಅಷ್ಟ ಕೊಡ್ರಿ ಅಂತ ಸತ್ಯಪ್ಪನ ಎಲ್ಲಾರನೂ ಎಬ್ಬಿಸಿದ. ಸೋಮವಾರದ ಮಂದಿ, ಬೈಗಳ ಇಲ್ಲದ, ಬಾಗಲದಾಗ ಸಾಲಾಗಿ ಕುಂತ್ರು.

20 ನವೆಂಬರ್, ಮಂಗಳವಾರ

ಅಕ್ಕ ನಮ್ಮನ್ಯಾಗ ಅದಾಳ. ಮುಂಜಾನೆ ನನ್ನ ಜೋಡಿ ಬಂದು ನಾಕನೇ ನಂಬರ್ ಮುಂದ ಕುಂತಾಳ. ಮಡಿಲಾಗ ಅವರಿಕಾಯಿ ಸುಲಿಯೂದು, ಒಮ್ಮೆ ಅವನ್ನ ನೋಡೂದು, ಒಮ್ಮೆ ಫೋನ್ ನೋಡೂದು.

ಸುಭೇದಾರರ ಕಡೆಯಿಂದ ಅಪ್ಪೂನ ಯುನಿಟ್ಟಿನ ಫೋನ್ ನಂಬರ್ ಸಿಕ್ತು. ಹತ್ತವಲ್ದು. ಹಚ್ಚಿ ಹಚ್ಚಿ ಬೆರಳ ನೋಯತಾವ.

ಮೇಡಂ ಫೋನ್. ಶುಕ್ರವಾರದ ಒಳಗ ರಿವ್ಯೂ ಬೇಕಂತ. "ಎಲ್ಲಾರೂ ಮಾಸ್ಟರ್‌ಪೀಸ್ ಅನ್ನಾಕತ್ತಾರಲ್ರಿ, ನಿಮಗ ಬರಿಯಾಕ ಏನು ಕಷ್ಟ?" ನಗಿ ಬಂತು. ಅಳೂನೂ ಬಂತು.

ಇವತ್ತ ರಾತ್ರಿ ಅಂಗಡ್ಯಾಗ ಮಲಗತೇನಿ. ಕರೆಂಟಿನ ಭರೋಸಾ ಇಲ್ಲ.

21 ನವೆಂಬರ್, ಬುಧವಾರ

ಹೋತು. ಮುಂಜಾನೆ ಅಕ್ಕ ಬರೂಕಿಂತ ಮೊದಲ. ಕರೆಂಟ್ ಹೋತು, ಜನರೇಟರಿನ ಹಗ್ಗಾ ಕೈಯಾಗ ಹರದ ಬಂತು. ಯುಪಿಎಸ್ ಕೂಗಿ ಕೂಗಿ ಸುಮ್ಮನಾತು. ಸ್ಕ್ರೀನ್ ಕಪ್ಪು. ಅದರ ಮುಂದ ನಿಂತು ತಲೀ ಮ್ಯಾಲೆ ಕೈ ಹೊತಗೊಂಡೆ.

ಕರೆಂಟ್ ಬಂದ ಕೂಡಲೆ ಮೊದಲಿಂದ ಹಚ್ಚಿದೆ. ಪಾಜ್ ಒತ್ತೂದು ತಡಾ ಆತು — ಕಾಕಾ ಬಿದ್ದ. ಮತ್ತ ಹಚ್ಚಿದೆ. ಈ ಸಲ ಕೈ ಎತ್ತಿದಾಗ ಒತ್ತಿದೆ. ಅಷ್ಟರಾಗ ಅಕ್ಕನ ಚಪ್ಪಲ ಸಪ್ಪಳ.

ಹೇಳಲಿಲ್ಲ. ಹೆಂಗ ಹೇಳೂದು?

ಅಕ್ಕ ಕುಂತ್ಳು. ಸ್ಕ್ರೀನ್ ನೋಡಿದ್ಳು. ನನ್ನ ನೋಡಿದ್ಳು. "ನಿನ್ನೆ ಕೈ ಇಷ್ಟ ಮ್ಯಾಲೆ ಇರಲಿಲ್ಲ" ಅಂದ್ಳು. ನಾ ಕೀಬೋರ್ಡಿನ ಧೂಳ ಒರಸಾಕತ್ತೆ. ಅವರಿಕಾಯಿ ಹಂಗ ಮಡಿಲಾಗ ಇದ್ವು.

22 ನವೆಂಬರ್, ಗುರುವಾರ. ಸಂಜೀಕ

ಫೋನ್ ಬಂತು! ಅಪ್ಪೂಂದು!

ಹಲೋ ಅನ್ನೂದಕ್ಕ ಬಿಡಲಿಲ್ಲ ಅಂವ. "ಮಾಮಾ, ಐದನೇದು ಬಂತಂತಲ್ಲ! ಹೆಂಗೈತಿ?" ಅದ ಹರಕು ದನಿ, ನಡಬರಕ ಗಾಳಿ ಸಪ್ಪಳ. ಅಕ್ಕ ನನ್ನ ಕೈಯಾಗಿಂದ ಕಸಗೊಂಡ್ಳು.

ಅಳತಾಳ ಅಂತ ಮಾಡಿದ್ದೆ. ಅಳಲಿಲ್ಲ. ಕಣ್ಣು ಮುಚ್ಚಿ ಅವನ ದನಿ ಕೇಳಿದ್ಳು. ಆಮ್ಯಾಲೆ ಅಂದ್ಳು, "ನಿಮ್ಮ ಮಾಮಾನ ಕೇಳಬ್ಯಾಡ, ನನ್ನ ಕೇಳು. ನಾ ನೋಡೇನಿ ಅದನ್ನ. ಚಲೋ ಇಲ್ಲಪ್ಪ. ನೀ ಆಡಬ್ಯಾಡ." ಅಂವ ನಕ್ಕಿರಬೇಕು. "ನಗಬ್ಯಾಡ. ಉಂಡಿಯೇನು? ಮಾರಿ ಮುಚಗೊಂಡ ಫೋಟೋ ಕಳಸಬ್ಯಾಡ ಇನ್ನಮ್ಯಾಲೆ. ಕಳಸಿದ್ರ ಮಾರಿ ತಗದು ಕಳಸು."

ನಾಳೆ ಮತ್ತ ಮ್ಯಾಲೆ ಹೊಂಟಾನಂತ. ತಿಂಗಳ ಗಟ್ಲೆ ಫೋನ್ ಇರೂದಿಲ್ಲಂತ. ಲೈನ್ ಕಟ್ ಆತು. ಅಕ್ಕ ರಿಸೀವರ್ ಇಡಲಿಲ್ಲ, ಬಾಳೊತ್ತು ಕಿವಿಗೆ ಹಿಡಕೊಂಡ ನಿಂತಿದ್ಳು.

"ಇನ್ನ ಇವನ್ನ ಬಿಡೂಣೇನಕ್ಕಾ?" ಅಂದೆ, ನಾಕನೇ ನಂಬರ್ ತೋರಿಸಿ. ಕಾಕಾ ಕೈ ಎತ್ತಿ ಕುಂತಿದ್ದ. "ಇರಲಿ ಇನ್ನೊಂದ ಸ್ವಲ್ಪ" ಅಂದ್ಳು. ಯಾರೂ ಮೌಸ್ ಮುಟ್ಟಲಿಲ್ಲ.

ಆಮ್ಯಾಲೆ ನನ್ನ ಬಾಜೂಕ ಬಂದು ಕುಂತ್ಳು. "ತಮ್ಮಾ, ನಿನ್ನೆ ಇಂವ ಒಮ್ಮೆ ಹೋಗಿ ಬಂದಾನ. ಹೌದಲ್ಲೋ?"

ಹೂಂ ಅಂದೆ.

"ಮುಂದ ಏನರ ಬಂದ್ರ ನನಗ ಮೊದಲ ಹೇಳು. ಕಡೀಕ ಅಲ್ಲ. ಚಹಾ ಕುಡಿಸಿ ಕುಂದ್ರಸಬ್ಯಾಡ ನನ್ನ."

ಹೂಂ ಅಂದೆ. ಅಂದೇನಿ. ಆಗತೈತೋ ಇಲ್ಲೋ.

23 ನವೆಂಬರ್, ಶುಕ್ರವಾರ. ಮಧ್ಯಾಹ್ನ

ರಿವ್ಯೂ ಇವತ್ತ ಹೋಗಬೇಕು. ಹಿಮಾ ಚಂದ ಐತಿ ಅಂತ ಬರದೆ. ಸಪ್ಪಳ ಚಲೋ ಐತಿ ಅಂತ ಬರದೆ. ಮೊದಲನೇ ಮಿಶನ್ ಬಗ್ಗೆ ಬರದು ಹೊಡದ ಹಾಕಿದೆ, ಮತ್ತ ಬರದೆ. ಸ್ಟಾರಿನ ಜಾಗಾ ಖಾಲಿ ಐತಿ. ಐದರಾಗ ಎಷ್ಟಂತ ಹೇಳೂದು. ಒಂಬತ್ತು ಕೊಟ್ಟವರು ಕೊಟ್ಟಾರ, ಬ್ಯಾನರ್ ಹಾಕಿದವರು ಹಾಕ್ಯಾರ. ಎರಡೂ ಖರೇನ.

ಅಕ್ಕ ಮುರಗೋಡದ ಬಸ್ಸಿಗೆ ಚೀಲಾ ಕಟಗೊಂಡು ಕುಂತಾಳ. ನಾಕನೇ ನಂಬರ್ ಇನ್ನೂ ಹಂಗ ಐತಿ. "ನಾ ಹೊಸ್ತಿಲಾ ದಾಟಿದಮ್ಯಾಲೆ ಬಂದ್ ಮಾಡು" ಅಂದಾಳ.

ಫೋನ್ ಬಡಿಯಾಕತ್ತೇತಿ. ಮೇಡಂ ಇರಬೇಕು. ಹೊರಗಿನೂರಿನ ಎಸ್‌ಟಿಡಿ ರಿಂಗು, ಉದ್ದಂದು — ಹುಬ್ಬಳ್ಳಿಯಿಂದೋ, ಅಪ್ಪೂನ ಕಡೆಯಿಂದೋ. ಅಕ್ಕ ಎದ್ದ ನಿಂತಾಳ. ಯಾವಾಗಲೂ ನಾನ ಓಡಿ ಎತ್ತಾಂವ. ಇವತ್ತ ಅಕಿನ ಎತ್ತಲಿ. ನಾ ಇಲ್ಲೇ ಕುಂತಿರತೇನಿ, ಏನ ಸುದ್ದಿ ಇದ್ರೂ ಮೊದಲ ಅಕಿಗೇ ಹೋಗಲಿ.